ಕೂರಲು ಬಾರದವನ ಮುನ್ನಾರ್ ಪ್ರವಾಸ

ಈಜಲು ಬಾರದವರು ಹಾಗೆಂದು ಹೇಳಿಕೊಳ್ಳಲು ನಾಚುವುದಿಲ್ಲ. ಸೈಕಲ್ ಬಾರದವರು, ಇಂಗ್ಲಿಷ್ ಬಾರದವರು ಕೂಡ ಸ್ವಲ್ಪ ಆಚೀಚೆ ನೋಡಿ ಒಪ್ಪಿಕೊಂಡುಬಿಡುತ್ತಾರೆ. ನನಗೆ ಬಾರದ ವಿದ್ಯೆ ಕೂರುವುದು. ನಗಬೇಡಿ. ಬೆನ್ನು ನೆಟ್ಟಗಿದೆ, ಮೊಣಕಾಲು ಮಡಚುತ್ತದೆ, ಡಾಕ್ಟರು ಕೂಡ ಏನೂ ತೊಂದರೆಯಿಲ್ಲ ಎಂದಿದ್ದಾರೆ. ಆದರೂ ಎದುರಿಗೊಂದು ಕಪ್ ಚಹಾ ಇಟ್ಟುಕೊಂಡು, ಪಕ್ಕದಲ್ಲಿರುವವರ ಮಾತು ಕೇಳುತ್ತಾ, ಬೇರೇನೂ ಮಾಡದೆ ಕೂರುವುದು ಈ ವಯಸ್ಸಿನವರೆಗೂ ನನಗೆ ಒಲಿದಿಲ್ಲ. ಇದು ನನಗೆ ತಿಳಿದದ್ದು ಕಳೆದ ಚಳಿಗಾಲದಲ್ಲಿ, ಮುನ್ನಾರಿನ ಚಹಾ ತೋಟಗಳ ನಡುವೆ, ಬಾಡಿಗೆಗೆ ತಂದ ಒಂದು ಕ್ಯಾಂಪರ್ ವ್ಯಾನಿನ ಪಕ್ಕದಲ್ಲಿ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನನ್ನದು ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಒಂದು ಸಸ್ಯಾಹಾರಿ ಹೋಟೆಲು. ಊರು ಉಡುಪಿ ಕಡೆ, ಮನೆ ಡೊಂಬಿವಲಿ. ಬೆಳಿಗ್ಗೆ ಕಲ್ಯಾಣದ ಮಾರ್ಕೆಟ್ಟಿನಿಂದ ತರಕಾರಿಯ ಟೆಂಪೊವನ್ನು ನಾನೇ ಓಡಿಸಿಕೊಂಡು ಬರುತ್ತೇನೆ. ಅಲ್ಲಿಂದ ಬಾಗಿಲು ಹಾಕುವವರೆಗೆ ನಿಂತೇ ಇರುತ್ತೇನೆ. ಗಲ್ಲಾದ ಹಿಂದೆ ಒಂದು ಎತ್ತರದ ಸ್ಟೂಲು ಇದೆ, ಅದರ ಮೇಲೆ ಹಾಲಿನ ಖಾಲಿ ಕ್ರೇಟು ಇಟ್ಟಿರುತ್ತೇವೆ. ನಮ್ಮ ವೃತ್ತಿಯಲ್ಲಿ ಕೂರುವ ಹಕ್ಕು ಗಿರಾಕಿಗೆ ಮಾತ್ರ. ಅದೂ ಅವನ ಕಪ್ಪಿನಲ್ಲಿ ಏನಾದರೂ ಇರುವವರೆಗೆ. ಚಹಾ ಮುಗಿದ ಮೇಲೂ ಹರಟೆ ಹೊಡೆಯುತ್ತಾ ಕೂತವನನ್ನು ಎದ್ದು ಹೋಗು ಎನ್ನುವಂತಿಲ್ಲ, ಅದು ಮರ್ಯಾದೆಯಲ್ಲ. ಅದಕ್ಕೆ ನಮ್ಮಲ್ಲಿ ಬೇರೆ ಕ್ರಮವಿದೆ. ಒದ್ದೆ ಫಡ್ಕಾ, ಅಂದರೆ ಒರೆಸುವ ಬಟ್ಟೆ, ತೆಗೆದುಕೊಂಡು ಅವನ ಮುಂದಿನ ಟೇಬಲ್ಲನ್ನು ನಿಧಾನವಾಗಿ, ಅವನ ಮೊಣಕೈ ಎತ್ತಿಸಿ, ಒರೆಸಬೇಕು. ಒರೆಸುತ್ತಾ ಬಹಳ ವಿನಯದಿಂದ, "ಮತ್ತೇನಾದ್ರೂ?" ಎಂದು ಕೇಳಬೇಕು. ತಿಳಿದವನು ಏಳುತ್ತಾನೆ. ತಿಳಿಯದವನ ತಲೆಯ ಮೇಲಿನ ಫ್ಯಾನು ನಿಲ್ಲಿಸಬೇಕು.

ನಮ್ಮ ಕಾಯಂ ಗಿರಾಕಿಗಳಿಗೆ ಇದೆಲ್ಲ ಬಾಯಿಪಾಠ. ಕಲಬುರಗಿ ಕಡೆಯ ಶರಣಪ್ಪ ಎಂಬ ಲೋಡಿಂಗ್ ಕೆಲಸದವನಿದ್ದಾನೆ, ಇರುವುದು ಹತ್ತಿರದ ಕಳವಾ ಎಂಬ ಊರಿನಲ್ಲಿ. ಹೊಸದಾಗಿ ಊರಿಂದ ಬಂದ ತನ್ನ ಮಾವನಿಗೆ ಅವನು ನನ್ನ ಎದುರೇ ಪಾಠ ಹೇಳುತ್ತಿದ್ದ. "ನೋಡು ಮಾವ, ಈ ಹೋಟೆಲ್ದಾಗ ಫ್ಯಾನ್ ಬಂದ್ ಆತಂದ್ರ ಕರೆಂಟ್ ಹೋಗೇತಿ ಅಂತ ಅಲ್ಲ, ನಾವ್ ಹೋಗಬೇಕು ಅಂತ." ಹೋಟೆಲಿಗೆ ಹೋಟೆಲೇ ನಕ್ಕಿತು. ನಾನೂ ನಕ್ಕೆ. ನಗುತ್ತಲೇ ಅವರ ಟೇಬಲ್ಲನ್ನೂ ಒರೆಸಿದೆ.

ಇಂಥವನನ್ನು ಮದುವೆಯಾದವಳು ಮಾಲತಿ. ನಾವಿಬ್ಬರೂ ಎದುರುಬದುರು ಕೂತು ಚಹಾ ಕುಡಿದದ್ದು ಒಂದೇ ಸಲ, ಅದು ಹೆಣ್ಣು ನೋಡಲು ಹೋದ ದಿನ, ಅಂದರೆ ಮದುವೆಗೂ ಮೊದಲು ಎಂದು ಅವಳು ಹೇಳುತ್ತಾಳೆ. ನಾನು ತಕರಾರು ತೆಗೆಯುವುದಿಲ್ಲ. ಮಗಳು ಶ್ರದ್ಧಾ ಐರೋಲಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅಮ್ಮನಿಗೆ ಏನಾದರೂ ಕೊಡಿಸಬೇಕೆಂದು ಹಟ ಹಿಡಿದಳು. ಬಳೆ ಬೇಡ, ಸೀರೆ ಬೇಡ ಎಂದ ಮಾಲತಿ ಕೊನೆಗೆ ಹೇಳಿದ್ದಿಷ್ಟು. "ನನಗೆ ಎಂತದೂ ಬೇಡ. ಎಲ್ಲಾದ್ರೂ ಹೋಟೆಲು ಇಲ್ಲದ ಜಾಗಕ್ಕೆ ಹೋಗಿ, ಇವರು ಚಾ ಮಾಡಿ, ನನ್ನ ಒಟ್ಟಿಗೆ ಕೂತು ಕುಡಿಬೇಕು. ಅಷ್ಟೇ." ಮನೆಯಲ್ಲಿ ನಾವು ಆಡುವುದು ತುಳು. ನಿಮಗಾಗಿ ಕನ್ನಡ ಮಾಡಿದ್ದೇನೆ. ತುಳುವಿನಲ್ಲಿ ಆ 'ಅಷ್ಟೇ' ಇನ್ನೂ ಗಟ್ಟಿಯಾಗಿ ಕೇಳಿಸಿತ್ತು.

ಹೀಗೆ ಮಗಳು ನಮ್ಮಿಬ್ಬರಿಗೆಂದು ಕ್ಯಾಂಪರ್ ವ್ಯಾನು ಬುಕ್ ಮಾಡಿದಳು. ರೈಲಿನಲ್ಲಿ ಕೇರಳಕ್ಕೆ ಹೋಗಿ, ಅಲ್ಲಿ ವ್ಯಾನು ಹಿಡಿದು, ನಾನೇ ಓಡಿಸಿಕೊಂಡು ಬೆಟ್ಟ ಹತ್ತುವುದು. ವ್ಯಾನಿನೊಳಗೆ ಹಾಸಿಗೆಯುಂಟು, ಒಲೆಯುಂಟು, ನೀರುಂಟು. ಹೊರಗೆ ಹಾಕಲು ಎರಡು ಮಡಚುವ ಕುರ್ಚಿ, ಒಂದು ಟೇಬಲು. ಫೋಟೊ ನೋಡಿದ ಮಾಲತಿ ಆ ಕುರ್ಚಿಗಳನ್ನೇ ಬಹಳ ಹೊತ್ತು ನೋಡುತ್ತಿದ್ದಳು. ಹೊರಡುವ ದಿನ ಮಗಳು ನನ್ನ ಚೀಲ ತೆರೆದು ನೋಡಿದಳು. ನಮ್ಮ ಹೋಟೆಲಿನ ಚಹಾ ಪುಡಿ, ದೊಡ್ಡ ಪಾತ್ರೆ, ಬಟ್ಟೆಯ ಸೋಸುವ ಚೀಲ, ಹಸಿಶುಂಠಿ, ಏಲಕ್ಕಿ ಎಲ್ಲ ಇತ್ತು. ಅವಳಿಗೆ ಸಿಟ್ಟು ಬಂದರೆ ಮರಾಠಿ ಬರುತ್ತದೆ. "ಪಪ್ಪಾ, ಬಸ್ ಕರಾ ಆತಾ! ಸಾಕು ಮಾಡಿ ಇನ್ನು! ಮುನ್ನಾರಿಗೆ ಚಾಯ್ ಪತ್ತಿ ತಗೊಂಡು ಹೋಗ್ತೀರಾ?" ಅಲ್ಲಿಯ ಪುಡಿ ನಮ್ಮ ಹಾಲಿಗೆ ಹೊಂದುವುದಿಲ್ಲ ಎಂದು ವಿವರಿಸಲು ಹೊರಟೆ. ಅವಳು ಸೋಸುವ ಚೀಲವೊಂದನ್ನು ಕಿತ್ತುಕೊಂಡಳು. ನನ್ನ ಹತ್ತಿರ ಇನ್ನೊಂದಿತ್ತು.

ಬೆಟ್ಟದ ದಾರಿ ಚೆನ್ನಾಗಿತ್ತು ಎಂದು ಮಾಲತಿ ಹೇಳುತ್ತಾಳೆ. ನಾನು ನೋಡಿದ್ದು ದಾರಿಯ ಹೋಟೆಲುಗಳನ್ನು. ಹೋಟೆಲಿನವನು ಇನ್ನೊಬ್ಬರ ಹೋಟೆಲಿನ ಮುಂದೆ ಸುಮ್ಮನೆ ಹಾದುಹೋಗಲಾರ. ಒಳಗೆ ಹೋಗಿ ಕೈ ತೊಳೆಯುವ ಜಾಗ ನೋಡಬೇಕು, ಸಾಂಬಾರಿನ ಬಣ್ಣ ನೋಡಬೇಕು, ಸಪ್ಲೈಯರು ಎಷ್ಟು ಲೋಟ ಒಟ್ಟಿಗೆ ಹಿಡಿಯುತ್ತಾನೆ ನೋಡಬೇಕು. ತಿರುವಿನಲ್ಲೊಂದು ಜಲಪಾತ ಬಂದಾಗ ಅವಳು "ನೋಡಿ ನೋಡಿ" ಎಂದಳು. ನಾನು ಜಲಪಾತದ ಎದುರಿದ್ದ ಟೀ ಅಂಗಡಿಯನ್ನು ನೋಡಿ, "ಛೆ, ಹಾಲಿಗೆ ನೀರು ಜಾಸ್ತಿ" ಎಂದೆ. ಆಮೇಲೆ ಬಹಳ ದೂರ ಅವಳು ಏನನ್ನೂ ತೋರಿಸಲಿಲ್ಲ.

ನಾವು ತಂಗಿದ್ದು ತೋಟದ ಅಂಚಿನ ಒಂದು ಬಯಲಿನಲ್ಲಿ. ವ್ಯಾನಿನವರಿಗೆ, ಟೆಂಟಿನವರಿಗೆ ಬಾಡಿಗೆಗೆ ಕೊಡುವ ಜಾಗ. ಕೆಳಗೆ ಇಡೀ ಕಣಿವೆ ತುಂಬ ಚಹಾ ಗಿಡ, ಮೇಲೆ ಮಂಜು. ಮೊದಲ ಬೆಳಿಗ್ಗೆ ಮಾಲತಿ ಶಾಲು ಹೊದ್ದು, ಕುರ್ಚಿ ಎರಡನ್ನೂ ಕಣಿವೆಗೆ ಮುಖ ಮಾಡಿ ಹಾಕಿ, ಒಂದರಲ್ಲಿ ಕೂತಳು. ನಾನು ಚಹಾ ಮಾಡಿದೆ. ಒಳ್ಳೆಯ ಚಹಾ, ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಒಯ್ದು ಕೊಟ್ಟೆ. "ಕೂತ್ಕೊಳ್ಳಿ" ಎಂದಳು. "ಬಂದೆ, ಒಲೆ ಒರೆಸಿ ಬಂದೆ" ಎಂದೆ. ಒಲೆ ಒರೆಸುವಾಗ ಹೋಟೆಲಿನ ಮ್ಯಾನೇಜರಿಗೆ ಫೋನು ಮಾಡಬೇಕೆಂದು ನೆನಪಾಯಿತು. ಅಲ್ಲಿ ಸಿಗ್ನಲ್ ಸಿಗುವುದು ಒಂದು ಬಂಡೆಯ ಮೇಲೆ ಮಾತ್ರ. ಬಂಡೆ ಹತ್ತಿ, ಇಡ್ಲಿ ಹಿಟ್ಟಿನ ಯೋಗಕ್ಷೇಮ ವಿಚಾರಿಸಿ, ನನ್ನ ಚಹಾವನ್ನು ಅಲ್ಲೇ ನಿಂತು ಎರಡು ಗುಟುಕಿನಲ್ಲಿ ಮುಗಿಸಿ ಇಳಿದು ಬಂದೆ.

ಮಾಲತಿ ಹಾಗೆಯೇ ಕೂತಿದ್ದಳು. ಮಂಜು ಸರಿದು ತೋಟದ ಒಂದೊಂದೇ ಸಾಲು ಕಾಣಿಸುತ್ತಿತ್ತು. ಅವಳ ಮುಂದಿನ ಕಪ್ಪು ಖಾಲಿಯಾಗಿತ್ತು. ಅಲ್ಲೇ ನನ್ನ ಗ್ರಹಚಾರ ಕೆಟ್ಟದ್ದು. ಖಾಲಿ ಕಪ್ಪು ಕಂಡಿತು, ಅದರ ಮುಂದೆ ಕೂತು ಎಲ್ಲೋ ನೋಡುತ್ತಿರುವವರು ಕಂಡರು. ಮಿಕ್ಕಿದ್ದನ್ನು ಕೈಯೇ ಮಾಡಿತು. ಹೆಗಲ ಮೇಲಿದ್ದ ಫಡ್ಕಾ ಇಳಿಯಿತು. ಟೇಬಲ್ಲಿನ ಆ ತುದಿಯಿಂದ ಒರೆಸಿಕೊಂಡು ಬಂದೆ. ಅವಳ ಮೊಣಕೈ ಬಂತು, ಅವಳು ಎತ್ತಿದಳು, ಅದರ ಕೆಳಗೂ ಒರೆಸಿದೆ. ಬಾಯಿ ತನ್ನಷ್ಟಕ್ಕೆ ಕೇಳಿತು, "ಮತ್ತೇನಾದ್ರೂ?"

ಹೋಟೆಲಿನವನ ಹೆಂಡತಿಗೆ ಆ ಮಾತಿನ ಅರ್ಥ ಹೇಳಿಕೊಡಬೇಕೇ? ಅವಳು ನನ್ನ ಮುಖ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಶಾಲು ಸರಿ ಮಾಡಿಕೊಂಡು, "ಇಲ್ಲ, ಸಾಕು" ಎಂದು ಎದ್ದು ವ್ಯಾನಿನೊಳಗೆ ಹೋದಳು. ಆ ಬಯಲಿನಲ್ಲಿ ಇನ್ನೊಬ್ಬ ಗಿರಾಕಿ ಇರಲಿಲ್ಲ, ಕಾಯುವವರು ಯಾರೂ ಇರಲಿಲ್ಲ. ಕಣಿವೆಯಷ್ಟು ಜಾಗ ಖಾಲಿ ಬಿದ್ದಿತ್ತು. ಅಂಥಲ್ಲಿ ನಾನು ನನ್ನ ಹೆಂಡತಿಯನ್ನು ಎಬ್ಬಿಸಿದ್ದೆ. ಆ ದಿನವಿಡೀ ಅವಳ ಮುಖ ನೋಡಲು ನನಗೆ ನಾಚಿಕೆಯಾಯಿತು. ಸಂಜೆ ಹತ್ತಿರ ಹೋಗಿ, "ತಪ್ಪಾಯ್ತು ಮಾರಾಯ್ತಿ, ಅಭ್ಯಾಸಬಲ" ಎಂದೆ. "ಗೊತ್ತುಂಟು. ನಾಳೆ ಕೂತ್ಕೊಳ್ಳಿ" ಎಂದಳು.

ಮರುದಿನ ಕೂರುವುದೆಂದು ನಿಶ್ಚಯ ಮಾಡಿಯೇ ಒಲೆ ಹಚ್ಚಿದ್ದೆ. ಆದರೆ ಶುಂಠಿ ಜಜ್ಜಿ ಹಾಕಿದ ಚಹಾದ ವಾಸನೆ ಚಳಿಯಲ್ಲಿ ಎಷ್ಟು ದೂರ ಹೋಗುತ್ತದೆಂಬ ಅಂದಾಜು ನನಗಿರಲಿಲ್ಲ. ಹಿಂದಿನ ರಾತ್ರಿ ಬಂದು ಟೆಂಟು ಹಾಕಿದ್ದ ಹುಡುಗರು ಎದ್ದು ಬಂದರು. ವ್ಯಾನಿನ ಬದಿಗೆ ಬಿಚ್ಚಿದ್ದ ಚಪ್ಪರ, ಟೇಬಲು, ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ನಿಂತ ನಾನು, ಇಷ್ಟು ನೋಡಿದ ಮೇಲೆ ಯಾರು ತಾನೇ ಚಹಾ ಅಂಗಡಿಯಲ್ಲದೆ ಬೇರೇನೆಂದುಕೊಂಡಾರು? "ಅಣ್ಣಾ, ಚಾಯ್ ಸಿಗುತ್ತಾ?" ಎಂದು ಕೇಳಿದರು. ಇಲ್ಲ ಎನ್ನಬಹುದಿತ್ತು. ಆ ಶಬ್ದವನ್ನು ಹೋಟೆಲಿನಲ್ಲಿ ನಾನು ಮಸಾಲೆ ದೋಸೆ ಮುಗಿದಾಗ ಕೂಡ ಹೇಳಿದವನಲ್ಲ, "ಸೆಟ್ ದೋಸೆ ಬಿಸಿ ಉಂಟು" ಎನ್ನುವವನು. "ಬನ್ನಿ ಬನ್ನಿ" ಎಂದೆ. ಪುಕ್ಕಟೆಯೇ ಕೊಟ್ಟೆನಪ್ಪ, ಅಷ್ಟು ಮಾನ ಉಳಿಸಿಕೊಂಡಿದ್ದೇನೆ. ಆದರೆ ಅವರು ತಮ್ಮವರನ್ನು ಕರೆದರು, ಅವರು ಇನ್ನೊಬ್ಬರನ್ನು. ಮಾಲತಿಯ ಎರಡನೆಯ ಬೆಳಿಗ್ಗೆಯೂ ಹಾಗೆ ಹೋಯಿತು. ಅವಳು ಒಂದು ಸಲ ಮಾತ್ರ ಒಳಗಿನಿಂದ ಕೂಗಿ ಹೇಳಿದಳು, "ಹಾಲು ಖಾಲಿಯಾಯ್ತು. ತರಲಿಕ್ಕೆ ನಾನು ಹೋಗ್ಬೇಕಾ, ನೀವು ಹೋಗ್ತೀರಾ?"

ಕೊನೆಯ ಬೆಳಿಗ್ಗೆ ನಾನು ಮೂವರಿಗಾಗುವಷ್ಟೇ ಹಾಲು ಇಟ್ಟೆ. ನಮ್ಮಿಬ್ಬರಿಗೆ ಸಾಕಾಗುವಷ್ಟೇ ಇಡಬೇಕಿತ್ತು, ಆ ಮೂರನೆಯದನ್ನು ಯಾಕೆ ಇಟ್ಟೆನೆಂದು ನನ್ನನ್ನು ಕೇಳಬೇಡಿ. ಚಹಾ ಕುದಿಯುವಷ್ಟರಲ್ಲಿ ಹಿಂದಿನ ರಾತ್ರಿ ಪಕ್ಕದಲ್ಲಿ ಬಂದು ನಿಂತಿದ್ದ ವ್ಯಾನಿನಿಂದ ನಾಗಪುರದ ಒಬ್ಬ ಹೆಂಗಸು ತಮ್ಮ ಕುರ್ಚಿ ಹಿಡಿದುಕೊಂಡು ಬಂದು ಮಾಲತಿಯ ಹತ್ತಿರ ಹಾಕಿಕೊಂಡರು. ನಡುವೆ ನನ್ನ ಕುರ್ಚಿ ಖಾಲಿ ಇತ್ತು. ಅವರ ಗಂಡ ದೂರದಲ್ಲಿ ಹಕ್ಕಿಯ ಫೋಟೊ ತೆಗೆಯುತ್ತಿದ್ದರು. ನಾನು ಎರಡು ಕಪ್ ಒಯ್ದು ಇಬ್ಬರ ಮುಂದೂ ಇಟ್ಟೆ, ಅಭ್ಯಾಸದಂತೆ ಹಿಡಿಕೆಯನ್ನು ಅವರ ಬಲಗೈ ಕಡೆಗೆ ತಿರುಗಿಸಿ.

ಆಕೆ ಒಂದು ಗುಟುಕು ಕುಡಿದು ಮಾಲತಿಗೆ ಹಿಂದಿಯಲ್ಲಿ ಹೇಳಿದರು, "ಎಷ್ಟು ಚೆನ್ನಾಗಿ ಮಾಡ್ತಾನೆ! ಇವನನ್ನು ವ್ಯಾನಿನ ಜೊತೆಗೇ ಕೊಟ್ಟರಾ? ನಮ್ಮ ಡ್ರೈವರಿಗೆ ನೀರು ಕಾಯಿಸಲಿಕ್ಕೂ ಬರೋದಿಲ್ಲ." ನಾನು ಹಿಂದೆಯೇ ನಿಂತಿದ್ದೆ. ಮಾಲತಿ ಈಗ ತಿದ್ದುತ್ತಾಳೆ, ಆಕೆ ಪೇಚಾಡುತ್ತಾರೆ, ಎಲ್ಲರೂ ನಗುತ್ತೇವೆ ಎಂದುಕೊಂಡು ನಗುವುದಕ್ಕೆ ಮುಖ ಸಿದ್ಧಮಾಡಿಕೊಂಡೆ. ಮಾಲತಿ, "ಇಲ್ಲ, ಠಾಣೆಯವನು" ಎಂದಳು. ಆಕೆ ಮತ್ತೆ ಕೇಳಿದರು, "ನಿಮ್ಮ ಯಜಮಾನರು ಬಂದಿಲ್ವಾ?"

ಮಾಲತಿ ಪಕ್ಕದ ಖಾಲಿ ಕುರ್ಚಿಯನ್ನು ನೋಡಿದಳು. ಬೇಸರವಿಲ್ಲದ ದನಿಯಲ್ಲಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಇಲ್ಲ. ಕರೆದಿದ್ದೆ. ಅವರಿಗೆ ಹೋಟೆಲು ಬಿಟ್ಟು ಬರ್ಲಿಕ್ಕೆ ಆಗುದಿಲ್ಲ."

ಅದು ನನ್ನನ್ನು ಚುಚ್ಚಲು ಹೇಳಿದ ಮಾತಾಗಿದ್ದರೆ ಜಗಳವಾಡಬಹುದಿತ್ತು. ಸತ್ಯ ಹೇಳಿದವಳ ಹತ್ತಿರ ಏನು ಜಗಳ? ನಾಲ್ಕು ಜನರ ಎದುರು ಹೋಟೆಲಿನಲ್ಲಿ ಗಿರಾಕಿಗಳಿಂದ ಬೈಸಿಕೊಂಡಿದ್ದೇನೆ, ಸಾಂಬಾರು ಚೆಲ್ಲಿ ಕ್ಷಮೆ ಕೇಳಿದ್ದೇನೆ, ಆದರೆ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. ಹೆಗಲ ಮೇಲಿನ ಬಟ್ಟೆಯನ್ನು ತೆಗೆದು ವ್ಯಾನಿನ ಕಿಟಕಿಯೊಳಗೆ ಎಸೆದೆ. ಎದುರಿಗೆ ಬಂದೆ. ನಡುವಿನ ಆ ಕುರ್ಚಿಯಲ್ಲಿ ಕೂತೆ.

ನಾಗಪುರದ ಹೆಂಗಸು ಕಪ್ಪನ್ನು ಅರ್ಧಕ್ಕೆ ನಿಲ್ಲಿಸಿ ನನ್ನನ್ನು ನೋಡಿದರು. ಮೇಡಮ್ಮನ ಪಕ್ಕದಲ್ಲಿ ಡ್ರೈವರು ಕೂತರೆ ನೋಡುವ ಹಾಗೆಯೇ ನೋಡಿದರು. ಆಮೇಲೆ ಮಾಲತಿಯನ್ನು, ಇವನಿಗೆ ಏನಾದರೂ ಹೇಳುತ್ತೀರೋ ಎಂಬಂತೆ. ಮಾಲತಿ ನನ್ನ ಕಡೆ ತಿರುಗಿಯೂ ನೋಡದೆ ಆಕೆಗೆ ಮೆಲ್ಲನೆ ಹೇಳಿದಳು, "ಇರಲಿ ಬಿಡಿ, ಕೂರಲಿ. ಇದೇ ಮೊದಲ ಸಲ ಕೂತದ್ದು."

ಮೂವರೂ ಕಣಿವೆ ನೋಡುತ್ತಾ ಕೂತೆವು. ಇಬ್ಬರು ಚಹಾ ಕುಡಿಯುತ್ತಿದ್ದರು. ನನ್ನ ಕಪ್ಪು ಒಲೆಯ ಪಕ್ಕದಲ್ಲೇ ಉಳಿದಿತ್ತು, ಆರುತ್ತಿತ್ತು. ಎರಡು ಹೆಜ್ಜೆ ದೂರ, ಎದ್ದರೆ ಒಂದು ಕ್ಷಣದ ಕೆಲಸ. ಏಳುವ ಧೈರ್ಯ ನನಗಾಗಲಿಲ್ಲ.