ಮೊದಲು ಕೈ, ಆಮೇಲೆ ಅಕ್ಷರ

ಮಕ್ಕಳಿಗೆ ಕಲಿಸುವುದು ಸುಲಭ. ಅವರ ಅಪ್ಪ ಅಮ್ಮಂದಿರಿಗೆ ಕಲಿಸಲು ಹೊರಟಾಗಲೆಲ್ಲ ಏನಾದರೊಂದು ಎಡವಟ್ಟು ಆಗುತ್ತಿತ್ತು. ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅಂಗಡಿ ಬೋರ್ಡು ನೋಡಿ ಓದು ಕಲಿತವನು. ಬೆತ್ತ ಹಿಡಿದು ಮಗ್ಗಿ ಹೇಳಿಸುವ ಮೇಷ್ಟ್ರುಗಳನ್ನು ಕಂಡರೆ ಮೈ ಉರಿಯುತ್ತಿತ್ತು. ಅದಕ್ಕೇ ಮಗಳಿಗೆ ನ್ಯಾಮತಿಯ ನಮ್ಮ ಮನೆಯಲ್ಲೇ ಕಲಿಸಿದೆ. ಹತ್ತಿರದ ದೂರದ ಊರುಗಳಲ್ಲಿ ಏಳು ಮನೆಯವರು ನನ್ನ ಮಾತು ನಂಬಿ ಮಕ್ಕಳನ್ನು ಶಾಲೆ ಬಿಡಿಸಿದರು. ನಂಬಿದರು ಅಂದೆನಲ್ಲ, ಅದು ಸುಳ್ಳು. ಒಂಬತ್ತು ತುಂಬಿದ ನನ್ನ ಮಗಳನ್ನು ಶಾಲಾ ಇನ್ಸ್‌ಪೆಕ್ಟರು ಪರೀಕ್ಷಿಸಿ ನೇರವಾಗಿ ನಾಲ್ಕನೇ ತರಗತಿಗೆ ಸೇರಿಸಿಕೊಂಡರೆ ಸರಿ. ಇಲ್ಲದಿದ್ದರೆ ಏಳು ಮನೆಯ ಮಕ್ಕಳೂ ಮಾರನೇ ದಿನವೇ ಬೆತ್ತದ ಮುಂದೆ. ಇದು ಅವರ ಕರಾರು.

ಚನ್ನಗಿರಿಯ ನರಿ

ಅಡಿಕೆ ವ್ಯಾಪಾರಿಯೊಬ್ಬರಿಗೆ ಹೇಳಿದೆ: "ದಿನಾ ಮಗಳಿಗೆ ಕಥೆ ಹೇಳ್ರಿ. ಒಂದೇ ಕಥೆ ಮೂರು ದಿನ ಹೇಳ್ರಿ. ಆಮೇಲೆ ಮಗು ಅದನ್ನ ತನ್ನ ಮಾತಲ್ಲಿ ಹೇಳಲಿ. ಅದೇ ಪಾಠ, ಬೇರೆ ಏನೂ ಬೇಡ."

ವಾರ ಬಿಟ್ಟು ಹೋದರೆ ಬೀದಿಗೇ ಅಳು ಕೇಳುತ್ತಿದೆ. ಮಗು ಮೂಲೆಯಲ್ಲಿ ನಿಂತಿದೆ, ಅಪ್ಪನ ಕೈಯಲ್ಲಿ ಅಳತೆಕೋಲು.

"ಏನ್ರೀ ಇದು?"

"ನರಿ ಮೂರು ಹೆಜ್ಜೆ ಹಿಂದೆ ಸರೀತು ಅಂತ ನಾ ಹೇಳಿದ್ದು. ಇವಳು ನಾಲ್ಕು ಅಂತಾಳೆ."

"ಅದು ಕಥೆ ಕಣ್ರೀ!"

"ಕಥೆ ಅಂದ್ರೇನಾತು? ನರಿ ತನಗೆ ತೋಚಿದಷ್ಟು ಹೆಜ್ಜೆ ಇಡಾಕಾಗ್ತೈತೇನ್ರೀ?"

ಹೊನ್ನಾಳಿಯ ಎತ್ತು

ಹೊನ್ನಾಳಿಯಲ್ಲಿ ಒಬ್ಬ ತಾಯಿಗೆ, "ಏಳು ತುಂಬೋವರೆಗೆ ಅಕ್ಷರ ಬೇಡಮ್ಮ, ಹೊಳೆ ಮಣ್ಣು ಕೊಡಿ, ಬೆರಳು ಬಲೀಲಿ" ಎಂದಿದ್ದೆ. ಆಕೆ ಪುಣ್ಯಾತ್ಗಿತ್ತಿ, ಹೇಳಿದಂತೆ ಮಾಡಿದಳು. ಮಕ್ಕಳು ಚೆಂದದ ಜೋಡೆತ್ತು ಮಾಡಿದವು. ಆಗ ಅಡುಗೆಮನೆಯಿಂದ ಅಜ್ಜಿ ಬಂದರು. ಮಣ್ಣೆತ್ತಿನ ಅಮಾವಾಸ್ಯೆಗೆ ಇನ್ನೂ ನಾಲ್ಕು ತಿಂಗಳಿತ್ತು. ಅಜ್ಜಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ಎತ್ತಿಗೆ ಅರಿಶಿನ ಕುಂಕುಮ ಇಟ್ಟು, ಕೈಮುಗಿದು, ದೇವರ ಗೂಡಿಗೆ ಏರಿಸಿಬಿಟ್ಟರು.

ಮಕ್ಕಳು ಮತ್ತೆರಡು ಮಾಡಿದವು. ಅವೂ ಗೂಡಿಗೆ ಹೋದವು. ನಾನು ಹೋಗುವಷ್ಟರಲ್ಲಿ ಗೂಡಲ್ಲಿ ಹದಿನಾರು ಎತ್ತು. ಮಕ್ಕಳು ಕೈಕಟ್ಟಿ ಕೂತಿದ್ದವು.

"ಅಜ್ಜಿ, ಅದು ಆಡಾಕೆ ಮಾಡಿದ್ದು."

"ಪೂಜೆ ಆದ ಬಸವಣ್ಣನ ಜೊತೆ ಆಡ್ತಾರೇನಪ್ಪಾ?"

"ಹಂಗಾರೆ ಬೇರೆ ಏನಾದ್ರೂ ಮಾಡಲಿ. ಹಂದಿ ಮಾಡಲಿ, ಕತ್ತೆ ಮಾಡಲಿ!"

ಮಕ್ಕಳು ಕತ್ತೆ ಮಾಡಿದವು. ಮುಂದಿನ ಸಲ ಹೋದಾಗ ಗೂಡಿನ ಕೊನೆಯಲ್ಲಿ ಅದಕ್ಕೂ ಕುಂಕುಮ ಇತ್ತು. ಕೇಳಿದ್ದಕ್ಕೆ ಅಜ್ಜಿ, "ನೀ ಹೇಳಿ ಮಾಡಿಸಿದ್ದಲ್ಲಪ್ಪ, ನಿನ್ನ ನೆನಪಿಗೆ ಇರ್ಲಿ ಅಂತ" ಎಂದರು.

ಜಗಳೂರಿನ ಪಾತ್ರೆ

ಜಗಳೂರಿನಲ್ಲಿ ಪಾತ್ರೆಗೆ ಕಲಾಯಿ ಹಾಕುವ ಸಾಬರೊಬ್ಬರಿದ್ದರು. ಆ ಊರಿನ ನಮ್ಮ ಮೂರು ಮನೆಯ ಮಕ್ಕಳಿಗೆ ನಿಮ್ಮ ಕೆಲಸ ತೋರಿಸಿ ಎಂದು ಕೇಳಿಕೊಂಡೆ.

"ನಾ ಓದಿದೋನಲ್ಲ ಸ್ವಾಮೀ."

"ನಾನೂ ಅಲ್ಲ, ಶುರು ಮಾಡ್ರಿ."

ತಿದಿ ಒತ್ತಿ ಬೆಂಕಿ ಊದುವುದು, ನವಸಾಗರದ ಹೊಗೆ, ಕಾದ ತಾಮ್ರದ ಮೇಲೆ ತವರ ಬೆಳ್ಳಿಯಂತೆ ಹರಡುವುದು — ಮಕ್ಕಳು ಕಣ್ಣು ಮಿಟುಕಿಸಲಿಲ್ಲ. ಅಂಥ ಪಾಠ ಯಾವ ಶಾಲೆಯಲ್ಲೂ ನಾನು ನೋಡಿಲ್ಲ. ಆದರೆ ಮರುದಿನ ಮಕ್ಕಳ ಜೊತೆ ಅಮ್ಮಂದಿರೂ ಬಂದರು. ತಲೆಯ ಮೇಲೆ ಹಂಡೆ, ಕಂಕುಳಲ್ಲಿ ಕೊಳಗ, ಬೋಗುಣಿ.

"ಹೆಂಗೂ ಪಾಠ ಮಾಡ್ತೀರಲ್ಲ ಸಾಬ್ರೇ, ಇದರ ಮೇಲೇ ಮಾಡ್ರಿ."

ಮೂರು ದಿನ ಪಾಠ ನಡೆಯಿತು. ನಾಲ್ಕನೇ ದಿನ ಸಾಬರು ನನ್ನನ್ನು ಪಕ್ಕಕ್ಕೆ ಕರೆದರು. "ಸ್ವಾಮೀ, ನಿಮ್ಮ ಶಾಲೇಲಿ ಮಕ್ಳು ಐದೇ ಇದಾವೆ. ದಾಖಲಾದ ಪಾತ್ರೆ ಅರವತ್ತಾದ್ವು."

ನ್ಯಾಮತಿಯ ಪರೀಕ್ಷೆ

ಕೊನೆಗೂ ಇನ್ಸ್‌ಪೆಕ್ಟರು ಬರುವ ದಿನ ಗೊತ್ತಾಯಿತು. ಏಳು ಮನೆಯವರೂ ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ನನಗೆ ಭಯ ಹೊಕ್ಕಿತು. ನನ್ನ ಮಗಳು ಸೂಳೆಕೆರೆ ಏರಿಯನ್ನು ಹೆಜ್ಜೆ ಎಣಿಸುತ್ತ ನಡೆದವಳು, ತೂಬಿನ ನೀರು ಯಾವ ಗದ್ದೆಗೆ ಹೋಗುತ್ತದೆಂದು ಬಲ್ಲವಳು, ಬಲೆ ಹೆಣೆಯಬಲ್ಲವಳು. ಆದರೆ ಸರ್ಕಾರದವರು ಅದನ್ನೆಲ್ಲ ಕೇಳುತ್ತಾರೆಯೇ? ಊರೂರು ತಿರುಗಿ ಬಾಯಿಪಾಠವನ್ನು ಬೈದ ನಾನು, ಬಾಗಿಲು ಹಾಕಿಕೊಂಡು ಮೂರು ದಿನ ಮಗಳಿಗೆ ಹತ್ತೊಂಬತ್ತರ ಮಗ್ಗಿ ಉರು ಹೊಡೆಸಿದೆ.

ಊರ ಶಾಲೆಯ ಹೆಡ್‌ಮಾಸ್ಟರನ್ನು ಕರೆದುಕೊಂಡು ಇನ್ಸ್‌ಪೆಕ್ಟರು ಬಂದರು. ವಯಸ್ಸಾದವರು, ಮೆದು ಮಾತು. ಏಳು ಮನೆಯವರೂ ಜಗುಲಿ ತುಂಬ ಕೂತಿದ್ದರು.

"ನಿಮ್ಮಲ್ಲಿ ಮೊದಲು ಮಣ್ಣು, ಆಮೇಲೆ ಅಕ್ಷರವಂತೆ, ಬಾಯಿಪಾಠ ಇಲ್ಲವಂತೆ, ಬಹಳ ಸಂತೋಷ," ಎಂದು ಮಗಳ ಕಡೆ ತಿರುಗಿದರು. "ಸೂಳೆಕೆರೆ ನೋಡಿದ್ದೀಯಾ ಮಗೂ? ನೋಡಿದ್ದನ್ನು ನಿನ್ನ ಮಾತಿನಲ್ಲಿ ಹೇಳು."

ಮಗಳು ನನ್ನ ಮುಖ ನೋಡಿದಳು. "ಅದು ಆಮೇಲೆ ರೀ. ಮೊದಲು ಹತ್ತೊಂಬತ್ತರ ಮಗ್ಗಿ ಕೇಳ್ರಿ. ಅಪ್ಪ ಮೂರು ದಿನದಿಂದ ಅದನ್ನೇ ಬಾಯಿಪಾಠ ಮಾಡಿಸ್ಯಾರೆ."

"ತಪ್ಪಿದರೆ?" ಇನ್ಸ್‌ಪೆಕ್ಟರು ಕೇಳಿದರು.

"ಕಿವಿ ಹಿಂಡ್ಯಾರೆ."

ಜಗುಲಿಯ ಏಳೂ ಮನೆಯವರು ನನ್ನ ಕಡೆ ತಿರುಗಿದರು. ಚನ್ನಗಿರಿಯ ವ್ಯಾಪಾರಿ ಮೆಲ್ಲಗೆ, "ನರಿ ಎಷ್ಟು ಹೆಜ್ಜೆ ಹಿಂದೆ ಸರೀತು ಮೇಷ್ಟ್ರೇ?" ಎಂದರು.

ಮಗಳು ಮಗ್ಗಿ ಹೇಳಿದಳು, ಏಳನೇ ಸಾಲಿನಲ್ಲಿ ತಪ್ಪಿದಳು. ಆಮೇಲೆ ಇದ್ದಿಲು ತಗೊಂಡು ನೆಲದ ಮೇಲೆ ಇಡೀ ಕೆರೆ ಬರೆದಳು: ಏರಿ, ತೂಬು, ಕಾಲುವೆ, ಮೀನಿನವರ ತೆಪ್ಪ. ಇನ್ಸ್‌ಪೆಕ್ಟರು ಕುರ್ಚಿ ಬಿಟ್ಟು ನೆಲದ ಮೇಲೆ ಕೂತು ಕೇಳಿದರು. ಕೊನೆಗೆ ಎದ್ದು, ಪಂಚೆಗೆ ಹತ್ತಿದ ಮಸಿ ಕೊಡವಿ, ಜೊತೆಗಿದ್ದ ಹೆಡ್‌ಮಾಸ್ಟರಿಗೆ ಹೇಳಿದರು:

"ಮಗುವನ್ನು ನಾಲ್ಕನೇ ತರಗತಿಗೆ ಸೇರಿಸಿಕೊಳ್ಳಿ. ಅಪ್ಪನನ್ನು ಮಾತ್ರ ಒಂದನೇ ತರಗತಿಯಲ್ಲಿ ಕೂರಿಸಿ. ಮಣ್ಣು ಕೊಡಿ, ಅಕ್ಷರ ಇನ್ನೂ ಬೇಡ."