ಹುಳಿ ಯಾರದು, ಸೊಸೆಯದೋ ಹೊಟ್ಟೆಯದೋ

ಹುಳಿಯಿಂದ ನನ್ನ ಬಾಳಿನಲ್ಲಿ ಆದಷ್ಟು ಜಗಳ ಚಿನ್ನದಿಂದಲೂ ಆಗಿಲ್ಲ, ಗದ್ದೆಯಿಂದಲೂ ಆಗಿಲ್ಲ. ಒಂದು ಮುಗಿಯಿತು ಅಂತ ಸೆರಗು ಕೊಡವಿ ಕೂರುವಷ್ಟರಲ್ಲಿ ಇನ್ನೊಂದು ಹೊಸಲು ದಾಟಿ ಒಳಗೆ ಬಂದಿರುತ್ತಿತ್ತು. ಕೇಳಿದವರೆಲ್ಲ ನಗುತ್ತಾರೆ. ನಗಲಿ. ನನಗೆ ಮಾತ್ರ ಹೇಳುವಾಗಲೂ ಮೈ ಉರಿಯುತ್ತದೆ.

೧. ಮೈಸೂರು ಸೀಮೆಯ ಕೈ

ನಮ್ಮದು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವ ಮನೆ. ನನ್ನ ತವರು ಯಳಂದೂರು. ಎರಡಕ್ಕೂ ನಡುವೆ ಒಂದು ಹೊಳೆ, ಅಷ್ಟೇ. ಆದರೆ ಆ ಕಾಲಕ್ಕೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರಿಗೆ ಸೇರಿ ಕೆಲವೇ ವರ್ಷವಾಗಿತ್ತು. ಸರ್ಕಾರ ಗಡಿ ಅಳಿಸಿದರೂ ನಮ್ಮತ್ತೆ ಅಳಿಸಿರಲಿಲ್ಲ. ನಾನು ಏನು ಮಾಡಿದರೂ "ಮೈಸೂರ್ ಸೀಮೇವಳು" ಅನ್ನುತ್ತಿದ್ದರು.

ನಮ್ಮ ಯಜಮಾನರಿಗೆ ಎದೆ ಉರಿ. ಮಗ್ಗಕ್ಕೆ ಕೂತು ನಾಲ್ಕು ಸಲ ಲಾಳಿ ಎಸೆದರೆ ಐದನೇ ಸಲಕ್ಕೆ ಎದೆ ಹಿಡಿದುಕೊಳ್ಳುವರು. ಅಡುಗೆ ಸೋಡಾ ಬಾಯಿಗೆ ಹಾಕಿಕೊಂಡು ನೀರು ಕುಡಿಯುವರು. ಆಮೇಲೆ ಒಂದು ತೇಗು. ಪಕ್ಕದ ಮನೆಯ ಮಗ್ಗವೂ ನಿಲ್ಲುವಂಥ ತೇಗು. ಬೆಳಗ್ಗೆಯಿಂದ ಬರೀ ಟೀ, ಬೀಡಿ. ಮಧ್ಯಾಹ್ನ ಇಳಿದ ಮೇಲೆ ಊಟ. ಅದನ್ನು ಕೇಳುವವರಿಲ್ಲ. ಅತ್ತೆಗೆ ಕಂಡದ್ದು ನನ್ನ ಸಾರು.

"ಇವಳ ಕೈಯೇ ಹುಳಿ ಕಣಪ್ಪ," ಅಂದರು ಮಗನಿಗೆ. "ಎಪ್ಪಾಕಿದ ಹಾಲು ಹೊತ್ತಿಗ್ಮುಂಚೆ ಹುಳಿಯಾಯ್ತದೆ, ಸಾರು ಹುಳಿ, ಮಾತೂ ಹುಳಿ. ನಿನ್ ಹೊಟ್ಟೆ ವಾಸಿಯಾಗ್ದಿದ್ರೆ ಇವಳ್ನ ಯಳಂದೂರಿಗೆ ಅಟ್ಬುಟ್ಟು ಬೇರೆ ಹೆಣ್ಣು ತತ್ತೀನಿ."

ಯಜಮಾನರು ಬಾಯಿ ಬಿಡಲಿಲ್ಲ. ಬಿಟ್ಟರೆ ತೇಗು ಬರುತ್ತಿತ್ತು.

ನನ್ನ ಬಾಳು ಇಷ್ಟಕ್ಕೆ ಬಂತಲ್ಲ, ಒಂದು ಸೌಟು ಸಾರಿಗೆ, ಅಂತ ನಾನು ಹಲ್ಲು ಕಚ್ಚಿ ನಿಂತಿದ್ದೇನೆ. ಅತ್ತೆ ತಟ್ಟೆ ಮುಂದಕ್ಕೆ ತಳ್ಳಿ ಅಂದರು: "ಅವನ ಪಾಲಿನ ಸಾರೂ ನಂಗೇ ಹಾಕಮ್ಮಿ, ಕೆಟ್ಟೋದಾತು."

೨. ಮಾತಾಡದ ಸೀರೆ

ಮಾರನೆಯ ದಿನವೇ ಅಪ್ಪಣೆಯಾಯಿತು. ಮನೆಯಲ್ಲಿ ಹುಣಸೆಹಣ್ಣು ಇರಕೂಡದು. ನನ್ನವ್ವ ಬೀಜ ತೆಗೆದು, ಉಪ್ಪು ಹಾಕಿ, ಉಂಡೆ ಕಟ್ಟಿ ಕಳಿಸಿದ ವರ್ಷದ ಹುಣಸೆಯನ್ನು ಅತ್ತೆ ಗಡಿಗೆ ಸಮೇತ ಎತ್ತಿ ಬೀದಿಯವರಿಗೆಲ್ಲ ಹಂಚಿದರು. ಕೊಂಡುಹೋದವರು ನನ್ನ ಮುಖ ನೋಡದೆ ಹೋದರು. ಮುಂದೆ ಏನಾಗುತ್ತದೆಂದು ಯಾರೂ ಯೋಚಿಸಿರಲಿಲ್ಲ. ಕೋಪದಲ್ಲಿ ನಾನೂ ಯೋಚಿಸಿರಲಿಲ್ಲ.

ರೇಷ್ಮೆಯ ಕೆಲಸ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಸಿ ರೇಷ್ಮೆಯಲ್ಲಿ ಅಂಟಿರುತ್ತದೆ. ಸೋಪು, ಸೋಡಾ ಹಾಕಿ ಕುದಿಸಿದರೆ ಅಂಟು ಬಿಡುತ್ತದೆ. ಆಮೇಲೆ ಬಣ್ಣ. ಎಲ್ಲ ಮುಗಿದ ಮೇಲೆ ನಮ್ಮ ಮನೆಯಲ್ಲಿ ಕಡೆಯ ನೀರಿಗೆ ಹುಣಸೆ ರಸ ಹಿಂಡಿ, ನೂಲಿನ ಲಡಿಯನ್ನು ಅದರಲ್ಲಿ ಅದ್ದಿ ತೆಗೆಯುತ್ತಿದ್ದೆವು. ಆ ಹುಳಿ ಸೋಕಿದರೇನೇ ರೇಷ್ಮೆಗೆ ಹೊಳಪು, ಮುಟ್ಟಿದರೆ ಸರಸರ ಅನ್ನುವ ಸದ್ದು.

ಆ ಸಲ ಹುಳಿಯೇ ಇಲ್ಲ. ಹಾಗೇ ಒಣಗಿಸಿ ನೇಯ್ದದ್ದಾಯಿತು. ಸೀರೆ ಕೊಳ್ಳುವ ಸಾವ್ಕಾರರು ಬಂದರು. ಅವರಿಗೊಂದು ಅಭ್ಯಾಸ, ಸೆರಗನ್ನು ಕಿವಿಯ ಹತ್ತಿರ ಹಿಡಿದು ಹಿಸುಕುವುದು. ಹಿಸುಕಿದರು. ಇನ್ನೊಂದು ಕಿವಿಗೆ ಹಿಡಿದು ಹಿಸುಕಿದರು.

"ಏನಮ್ಮಾ, ನಿಮ್ ಸೀರೆ ಮಾತೇ ಆಡ್ತಿಲ್ವಲ್ಲ. ಮುನಿಸ್ಕಂಡದಾ?" ಅಂತ ಮಡಿಸಿಟ್ಟು ಹೊರಟೇಹೋದರು.

ಅತ್ತೆ ಅವತ್ತು ಸಂಜೆಯೇ ಬೀದಿ ಸುತ್ತಿ, ಹಂಚಿದ ಹುಣಸೆಯನ್ನು ಮನೆಮನೆಯಿಂದ ಬೇಡಿ ತಂದರು. ತಂದು ಬಣ್ಣದ ಮನೆಯಲ್ಲಿಟ್ಟು ಅಗುಳಿ ಹಾಕಿದರು.

"ಇದು ರೇಷ್ಮೆಗೆ. ಒಲೆ ಹತ್ರ ಒಂದೆಸಳು ಕಂಡ್ರೂ ನೀನು ಬಸ್ ಹತ್ತು," ಅಂದರು.

ಅವತ್ತಿನಿಂದ ನಮ್ಮ ಮನೆಯಲ್ಲಿ ಸೀರೆಗಳಿಗೆ ಹುಳಿಸಾರು, ಮನುಷ್ಯರಿಗೆ ಬಿಸಿನೀರು.

೩. ರಾಮಾಪುರದವನ ಹೆಬ್ಬೆರಳು

ಸಪ್ಪೆ ಉಂಡರೂ ಯಜಮಾನರ ಉರಿ ಹೋಗಲಿಲ್ಲ. ಹೋಗಲಿಲ್ಲವಲ್ಲ, ತಪ್ಪು ನನ್ನದಲ್ಲ ಅಂತ ನಾನು ಒಳಗೇ ಗೆದ್ದೆ ಅಂದುಕೊಂಡೆ. ಅತ್ತೆ ಹನೂರು ಸಂತೆಗೆ ಹೋದವರು ಬರುವಾಗ ಒಬ್ಬನನ್ನು ಜೊತೆಗೆ ಕರೆತಂದರು. ರಾಮಾಪುರದವನಂತೆ, ಮದ್ದು ತೆಗೆಯುವವನಂತೆ. ಹೆಂಡತಿ ಗಂಡನನ್ನು ಕೈಯಲ್ಲಿಟ್ಟುಕೊಳ್ಳಲು ಅನ್ನದಲ್ಲಿ ಮದ್ದು ಹಾಕಿದ್ದಾಳೆ ಎಂದರೆ ನಮ್ಮ ಕಡೆ ಅದಕ್ಕಿಂತ ದೊಡ್ಡ ಅಪವಾದ ಇಲ್ಲ.

ಅವನು ಎಲೆಗೆ ಸುಣ್ಣ ಬಳಿದು ಬಾಯಿಗೆ ತುರುಕಿಕೊಂಡ. ತಟ್ಟೆಯಲ್ಲಿ ಅರಿಸಿನದ ನೀರು ತರಿಸಿದ. ಯಜಮಾನರ ತಲೆಯ ಸುತ್ತ ಮೂರು ಸಲ ನಿವಾಳಿಸಿ, ಹೆಬ್ಬೆರಳು ಅದ್ದಿ ತಿರುಗಿಸಿದ. ಹಳದಿ ನೀರು ರಕ್ತದ ಹಾಗೆ ಕೆಂಪಾಯಿತು.

"ನೋಡಿ ತಾಯಿ. ಕೆಂಪಾದ್ರೆ ಮದ್ದು. ಮನೆಯೊಳಗಿನ ಹೆಣ್ಣಿನ ಕೈಯಿಂದ್ಲೇ ಬಿದ್ದದೆ."

ಅತ್ತೆ ಎದೆ ಬಡಿದುಕೊಂಡರು. ನನಗೆ ಕಣ್ಣು ಕತ್ತಲೆ ಬರುವಷ್ಟು ಕೋಪ. ಅಲ್ಲ, ಆರತಿ ಎತ್ತದ ಹೆಂಗಸು ಯಾರಿದ್ದಾಳೆ? ಅರಿಸಿನಕ್ಕೆ ಸುಣ್ಣ ಕದಡಿದರೆ ಓಕುಳಿ ಕೆಂಪಾಗುತ್ತದೆ. ಅತ್ತೆಯೇ ಎಷ್ಟು ಮದುವೆಗೆ ಕದಡಿಲ್ಲ?

"ಅವನ ಬೆರಳಲ್ಲಿ ಸುಣ್ಣ ಅದೆ ಅತ್ತೆ," ಅಂದೆ.

"ಕಳ್ಳನಿಗೊಂದು ಪಿಳ್ಳೆ ನೆವ," ಅಂದರು ಅತ್ತೆ.

ಬಣ್ಣದ ಮನೆಗೆ ನುಗ್ಗಿದೆ. ಹುಣಸೆ ರಸದ ಕುಡಿಕೆ ತಂದು ಆ ತಟ್ಟೆಗೇ ಸುರಿದೆ. ಸುಣ್ಣ ಕಟ್ಟಿದ ಹಂಡೆಗಳನ್ನು ಹುಣಸೆ ಹಾಕಿ ನಾನು ಎಷ್ಟು ಉಜ್ಜಿಲ್ಲ, ಸುಣ್ಣಕ್ಕೆ ಹುಳಿ ಬಿದ್ದರೆ ಸುಣ್ಣದ ಆಟ ನಡೆಯದು. ಕೆಂಪು ನೀರು ಎಲ್ಲರ ಕಣ್ಣೆದುರೇ ಮತ್ತೆ ಹಳದಿಯಾಯಿತು. ಈಗೇನಂತೀಯ ಅಂತ ಸೊಂಟಕ್ಕೆ ಕೈಯಿಟ್ಟು ನಿಂತೆ.

ಅವನು ಎಲೆ ಅಗಿಯುವುದನ್ನೂ ನಿಲ್ಲಿಸಲಿಲ್ಲ. "ಓಯ್ತು ನೋಡಿ ತಾಯಿ. ಆಕಿದೋಳ ಕೈಯಿಂದ್ಲೇ ತೆಗೆಸ್ಬುಟ್ಟೆ. ಎಂಥೆಂಥೋರ ಕೈಲೂ ಆಗದ ಕೆಲ್ಸ ಇದು."

ಅತ್ತೆ ಅವನ ಕಾಲಿಗೆ ಬಿದ್ದು, ಹಿತ್ತಲಲ್ಲಿದ್ದ ಕೋಳಿ ಹಿಡಿದು ಕೊಟ್ಟರು. ನನ್ನ ತವರಿಂದ ಬಂದ ಕೋಳಿ, ಮೊಟ್ಟೆಯಿಡುವ ಕೋಳಿ. ಹುಳಿ ನಂದು, ಕೋಳಿ ನಂದು, ಬಯ್ಗುಳ ನಂದು. ಅವನದು ಹೆಬ್ಬೆರಳು ಒಂದೇ.

೪. ಯಾವೂರ ಕಣ

ಬೆಳಗಾಗುವಷ್ಟರಲ್ಲಿ ಯಜಮಾನರ ತೇಗು ಮೊದಲಿನಂತೆಯೇ ಶುರುವಾಯಿತು. "ಮತ್ತೆ ಆಕವ್ಳೆ," ಅಂದರು ಅತ್ತೆ. ನನ್ನ ಟ್ರಂಕನ್ನು ತಾವೇ ಎಳೆದು ಜಗಲಿಗಿಟ್ಟರು.

ನಾನು ಟ್ರಂಕಿನ ಮೇಲೆ ಕೂತೆ. "ಓಗೋದಾದ್ರೆ ಓಯ್ತೀನಿ. ಮೊದ್ಲು ಡಾಕ್ಟ್ರು ಇವರ ಹೊಟ್ಟೆ ನೋಡ್ಲಿ. ನನ್ ಮದ್ದು ಅಂತ ಅವರು ಹೇಳಿದ್ರೆ ಅಲ್ಲಿಂದ್ಲೇ ಬಸ್ ಹತ್ತೀನಿ."

ಯಜಮಾನರು ಆವತ್ತು ಮೊದಲ ಬಾರಿಗೆ ಬಾಯಿ ಬಿಟ್ಟರು. "ಓಗಣ," ಅಂದರು. ಮೂರು ಜನವೂ ಆಸ್ಪತ್ರೆಗೆ ಹೋದೆವು.

ಡಾಕ್ಟರು ಹಿಂದಿನ ರಾತ್ರಿಯಿಂದ ಏನೂ ತಿಂದಿಲ್ಲ ತಾನೆ ಅಂತ ಕೇಳಿ ಖಾತ್ರಿ ಮಾಡಿಕೊಂಡು, ಗಂಟಲಲ್ಲಿ ತೆಳ್ಳನೆ ರಬ್ಬರು ಕೊಳವೆ ಇಳಿಸಿ ಹೊಟ್ಟೆಯ ರಸ ಎಳೆದರು. ಅದಕ್ಕೆ ಒಂದು ಚೂರು ನೀಲಿ ಕಾಗದ ಅದ್ದಿದರು. ಕಾಗದ ಕೆಂಪಾಯಿತು.

"ಕೆಂಪು ಸಾ," ಅಂತ ಅತ್ತೆ ನೆಲಕ್ಕೆ ಕುಸಿದರು. "ನಾನೇಳಿಲ್ವಾ? ಮದ್ದು."

ಅರಿಸಿನ ಸುಣ್ಣಕ್ಕೆ ಕೆಂಪಾಗುವುದು ನನಗೆ ಗೊತ್ತು. ಈ ಕಾಗದದ ಗುಣ ನನಗೇನು ಗೊತ್ತು?

ಡಾಕ್ಟರು ನಕ್ಕರು. "ಇದು ಹುಳಿಗೆ ಕೆಂಪಾಗೋ ಕಾಗದ ಅಮ್ಮಾ. ಹುಣಸೆಯಾಗಲಿ, ನಿಂಬೆಯಾಗಲಿ, ಹುಳಿ ಅನ್ನೋದೆಲ್ಲ ಒಂದೇ ಕಣದ ಆಟ. ಕಣ್ಣಿಗೆ ಕಾಣದಷ್ಟು ಚಿಕ್ಕದು, ಪ್ರೋಟಾನ್ ಅಂತಾರೆ. ಹೊಟ್ಟೆಯೇ ಅದನ್ನ ಸುರಿಸುತ್ತೆ, ಉಂಡದ್ದು ಕರಗಲಿ ಅಂತ. ನಿಮ್ಮ ಮಗ ಏನೂ ತಿಂದಿಲ್ಲ, ಆದರೂ ಇಷ್ಟು ಹುಳಿ ಇದೆ. ಇದು ಸೊಸೆಯ ಅಡುಗೆಯಿಂದ ಬಂದದ್ದಲ್ಲ, ಇವರ ಹೊಟ್ಟೆಯದೇ."

ಯಜಮಾನರಿಗೆ ಬಿಳಿ ಔಷಧಿಯ ಸೀಸೆ ಕೊಟ್ಟರು. ಖಾಲಿ ಹೊಟ್ಟೆಯ ಟೀ, ಬೀಡಿ ಬಿಟ್ಟು ಹೊತ್ತಿಗೆ ಸರಿಯಾಗಿ ಉಣ್ಣಬೇಕು ಅಂದರು. ಬಾಯಿ ಚಪ್ಪರಿಸುವಷ್ಟು ಹುಳಿ ಪರವಾಗಿಲ್ಲ ಅಂತಲೂ ಸೇರಿಸಿದರು.

ಅತ್ತೆಗೆ ಇನ್ನೂ ಒಂದು ಅನುಮಾನ ಉಳಿದಿತ್ತು. ಬಾಗಿಲ ತನಕ ಹೋದವರು ತಿರುಗಿ ಬಂದು ಕೇಳಿದರು: "ಅಲ್ಲ ಸಾ, ಆ ಪ್ರೋಟಾನು ಯಾವ ಕಡೇದು? ಯಳಂದೂರ್ ಕಡೇದಾ?"

"ಎಲ್ಲರ ಹೊಟ್ಟೇಲೂ ಇದೆ. ನಿಮ್ಮ ಹೊಟ್ಟೇಲೂ ಇದೆ. ಕೊಳವೆ ಇಳಿಸಿ ತೋರಿಸ್ಲಾ?"

ನಾವು ಹೊರಗೆ ಬರುವಷ್ಟರಲ್ಲಿ ಅತ್ತೆ ಬಸ್ಸಿನೊಳಗೆ ಕೂತಿದ್ದರು.

೫. ಬೀಗಿತ್ತಿಯ ತಟ್ಟೆ

ಮನೆಗೆ ಬಂದು ಅತ್ತೆ ಟ್ರಂಕನ್ನು ಒಳಕ್ಕೆ ತಳ್ಳಿದರು. "ಓಗ್ಬೇಡ ಬುಡು," ಅಂದರು, ದೊಡ್ಡ ದಾನ ಕೊಟ್ಟ ಹಾಗೆ.

ಅಷ್ಟು ದಿನ ನುಂಗಿದ ಕೋಪವೆಲ್ಲ ಆಗ ಬಂತು. "ನೀವು ಓಗು ಅಂದ್ರೆ ಓಗಕ್ಕೆ, ಇರು ಅಂದ್ರೆ ಇರಕ್ಕೆ ನಾನೇನು ಮಗ್ಗದ ಲಾಳಿಯಾ?" ಅಂದವಳೇ ಟ್ರಂಕು ಎತ್ತಿಕೊಂಡು ಯಳಂದೂರಿಗೆ ನಡೆದೆ.

ಕೆಲವು ದಿನ ಕಳೆಯಿತು. ಒಂದು ಬೆಳಗ್ಗೆ ತವರಿನ ಬಾಗಿಲಲ್ಲಿ ತಾಯಿ ಮಗ ಇಬ್ಬರೂ ನಿಂತಿದ್ದಾರೆ. ಯಜಮಾನರ ಮುಖ ಬಾಡಿತ್ತು. "ಎದೆ ಉರೀತದಾ?" ಅಂದೆ, ಒರಟಾಗಿಯೇ.

"ಉರಿಯೆಲ್ಲ ಓಯ್ತು ಕಣಮ್ಮಿ. ಈಗ ಹಸಿವು. ಅವ್ವನ ಅಡುಗೆ ಉಂಡು ಉಂಡು, ನಾಲಿಗೆ ಅನ್ನೋದು ಅದೆಯೋ ಇಲ್ವೋ ಗೊತ್ತಾಯ್ತಿಲ್ಲ. ಬಾ, ಓಗಣ."

ಅತ್ತೆ ಅತ್ತ ನೋಡುತ್ತಾ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಒಳಗೆ ನನ್ನವ್ವನ ಹುಳಿಸಾರು ಒಗ್ಗರಣೆಯಾಗಿ ಘಮ ಬೀದಿಗೆ ಹೋಯಿತು. ಅತ್ತೆ ಮೂಗರಳಿಸಿ, "ಬೀಗಿತ್ತೇ, ಒಂದು ತುತ್ತು ಅನ್ನಕ್ಕೆ ಆ ಸಾರು ಸಿಕ್ಕದಾ?" ಅಂದರು.

ನನ್ನವ್ವನಿಗೆ ನಡೆದದ್ದೆಲ್ಲ ಗೊತ್ತು. ಊಟದ ಎಲೆ ಹಾಕಿ ಅನ್ನ ಬಡಿಸಿದಳು. ಸಾರಿಗೆ ಮುಂಚೆ ಒಂದು ತಟ್ಟೆ ತಂದು ಅತ್ತೆಯ ಮುಂದಿಟ್ಟಳು. ತಟ್ಟೆಯ ತುಂಬ ಅರಿಸಿನದ ನೀರು.

"ಇದೇನು ಬೀಗಿತ್ತೇ?"

"ನಮ್ ಮನೆ ಶಾಸ್ತ್ರ. ಊಟಕ್ಮುಂಚೆ ಬೆರಳು ಅದ್ಬುಡಿ. ಯಾರ ಕೈಲಿ ಮದ್ದದೆ ಅಂತ ಗೊತ್ತಾಯ್ತದೆ."

ಅತ್ತೆ ಘನವಾಗಿ ಹೆಬ್ಬೆರಳು ಅದ್ದಿದರು. ನೀರು ಕೆಂಪಾಯಿತು.

ಅತ್ತೆ ಬೆರಳು ನೋಡಿಕೊಂಡರು, ನೀರು ನೋಡಿದರು. "ಸುಣ್ಣ ಕಣವ್ವ ಅದು," ಅಂದರು ಗಡಿಬಿಡಿಯಿಂದ. "ಈಗ್ತಾನೆ ಎಲೆ ಆಕ್ಕಂಡೆ."

"ಹಂಗಾದ್ರೆ ರಾಮಾಪುರದೋನ ಬೆರಳಲ್ಲಿ ಏನಿತ್ತು ಅತ್ತೆ?" ಅಂದೆ.

ಯಜಮಾನರಿಗೆ ನಗು ತಡೆಯಲಾಗದೆ ಅನ್ನ ನೆತ್ತಿಗೇರಿತು. ಅತ್ತೆ ಎಲೆಯಲ್ಲಿ ಅನ್ನದ ನಡುವೆ ಗುಣಿ ತೋಡಿದರು.

"ಸಾರು ಬಡ್ಸಮ್ಮಿ. ಉಂಡ್ಬುಟ್ಟು ಓಗಣ, ನಮ್ಮನೇಗೆ. ಅಲ್ಲಿ ಹುಣಸೆ ಗಡಿಗೆ ಒಲೆ ಪಕ್ಕಕ್ಕೇ ಇಟ್ಬಂದಿವ್ನಿ."

ನಾನು ಬಡಿಸಿದೆ. ಹೋದೆ ಕೂಡ. ಅತ್ತೆ ಇರುವವರೆಗೆ ನನ್ನ ಸಾರನ್ನೇ ಉಂಡರು, ಅದು ಹುಳಿಯಾಯಿತು ಅಂತ ಒಂದು ದಿನವೂ ಅನ್ನಲಿಲ್ಲ. ಅದನ್ನೆಲ್ಲ ನಾನು ಮರೆತೆ ಅಂತಲೇ ಇಟ್ಟುಕೊಳ್ಳಿ.

ಆದರೆ ಆ ಕೋಳಿ ವಾಪಸ್ಸು ಬರಲಿಲ್ಲ. ಅದನ್ನು ನೆನೆದರೆ ಈಗಲೂ ನನ್ನ ಎದೆ ಉರಿಯುತ್ತದೆ, ಆ ಉರಿಗೆ ಮಾತ್ರ ಯಾವ ಡಾಕ್ಟರ ಬಿಳಿ ಔಷಧಿಯೂ ನಾಟಿಲ್ಲ.