ಸೊನ್ನೆಗೆ ಮೂರು ಸಾಕ್ಷಿ

ಒಂದು ಸೊನ್ನೆ ಮನುಷ್ಯನ ಬೆಳಗನ್ನು ಎಷ್ಟು ಕೆಡಿಸಬಲ್ಲದು ಎಂಬುದು ಮುಳ್ಳಣ್ಣನಿಗೆ ಗೊತ್ತಾದಾಗ ಅವನ ಬಾಯಲ್ಲಿ ಇನ್ನೂ ಹಲ್ಲುಜ್ಜುವ ಬ್ರಷ್ ಇತ್ತು.

ಬಾಗಿಲಲ್ಲಿ ಮನೆ ಮಾಲೀಕರು ನಿಂತಿದ್ದರು. ಕೈಯಲ್ಲಿ ವಾರ್ಡ್ ಚುನಾವಣೆಯ ಫಲಿತಾಂಶದ ಹಾಳೆ. ಬೆನ್ನ ಹಿಂದೆ ಅವರ ಭಾವಮೈದ. ಅಂಗಡಿಗಳಿಗೆ ಬೋರ್ಡು ಬರೆಯುವ ಕೆಲಸ ಅವನದು. ಬೆರಳ ಸಂದಿಯಲ್ಲಿ ಸದಾ ಬಣ್ಣ, ಬಾಯಲ್ಲಿ ಸದಾ ಮೌನ.

"ನೋಡಿ ಮುಳ್ಳಣ್ಣ! ಇಡೀ ವಾರ್ಡಲ್ಲಿ ಮೂರೇ ಓಟಿಗೆ ಸೋತಿದೀನಿ. ನಿಮ್ಮ ಮತಗಟ್ಟೇಲಿ ನನಗೆ ಬಿದ್ದಿರೋದೆಷ್ಟು ಗೊತ್ತಾ? ಸೊನ್ನೆ! ನನ್ನ ಮೂರು ಮನೆ ಬಾಡಿಗೆದಾರರೂ ಅಲ್ಲೇ ಓಟು ಹಾಕಿದ್ದು. ಎಲ್ಲಾರೂ 'ನಮ್ಮ ಓಟು ನಿಮಗೇ' ಅಂದಿದ್ರಿ. ಸೊನ್ನೆ ಹೇಗೆ ಬರುತ್ತೆ, ನೀವೇ ಹೇಳಿ."

ಮುಳ್ಳಣ್ಣ ಬ್ರಷ್ಷನ್ನು ಇನ್ನೂ ಜೋರಾಗಿ ಉಜ್ಜತೊಡಗಿದ. ಬಾಯಲ್ಲಿ ನೊರೆ ಇದ್ದದ್ದು ಪುಣ್ಯ.

ಗಡಿಯಾರ ರಿಪೇರಿ ಮಾಡುವವನಿಗೆ ಬೀದಿಯವರು ಮುಳ್ಳಣ್ಣ ಎಂದು ಹೆಸರಿಟ್ಟಿದ್ದರು. ಅವನ ಮನೆಯ ಮೇಲೆ ಮಾಲೀಕರಿಗೆ ಒಂದು ವರ್ಷದಿಂದ ಕಣ್ಣಿತ್ತು. ಭಾವಮೈದನ ಬಣ್ಣದ ಡಬ್ಬಿಗಳಿಗೆ ಜಾಗ ಬೇಕಾಗಿತ್ತು. "ಖಾಲಿ ಮಾಡಿ" ಎಂದು ಅವರು ಕೇಳುವುದು, "ಬರುವ ತಿಂಗಳು" ಎಂದು ಇವನು ಹೇಳುವುದು, ಆ ತಿಂಗಳು ಬಾರದೇ ಇರುವುದು ನಡೆದುಕೊಂಡು ಬಂದಿತ್ತು. ಅಷ್ಟರಲ್ಲಿ ಚುನಾವಣೆ ಬಂತು. ಮಾಲೀಕರಿಗೆ ಎಲ್ಲರ ಮೇಲೂ ಅಕ್ಕರೆ ಉಕ್ಕಿತು. "ಓಟು ಹಾಕಿ, ಖಾಲಿ ಮಾಡೋ ಮಾತು ಮರೆತುಬಿಡಿ" ಎಂದರು.

ಓಟು ಹಾಕಬೇಕೆಂದು ಮುಳ್ಳಣ್ಣ ಹೋಗಿದ್ದೇನೋ ನಿಜ. ಮತಗಟ್ಟೆಯ ಮುಂದಿನ ಸಾಲು ತಿಂಗಳ ಬಟ್ಟೆಯನ್ನೆಲ್ಲ ಒಂದೇ ದಿನ ಒಗೆದು ಹಾಕಿದ ಹಗ್ಗದ ಹಾಗಿತ್ತು. ಆಮೇಲೆ ಬಂದರಾಯಿತು ಎಂದು ಅಂಗಡಿಗೆ ಹೋಗಿ ಐದು ನಿಮಿಷ ಕಣ್ಣು ಮುಚ್ಚಿದ. ಬಿಟ್ಟಾಗ ಮತದಾನ ಮುಗಿದಿತ್ತು. ಅಂಗಡಿಯ ತುಂಬ ಗಡಿಯಾರಗಳಿದ್ದವು. ಒಂದಾದರೂ ಅವನನ್ನು ಎಬ್ಬಿಸಬೇಕಲ್ಲ! ಹಳೇ ಗಡಿಯಾರದ ಮುಖದ ಅಂಕಿಗಳಿಗೆ ಹಚ್ಚುವ ಕಪ್ಪು ಶಾಯಿ ಮೇಜಿನ ಮೇಲಿತ್ತು. ಒಂದು ಚುಕ್ಕೆ ಬೆರಳಿಗೆ ಇಟ್ಟುಕೊಂಡು ಮನೆಗೆ ಬಂದ. ಹೆಂಡತಿಗೂ ನಿಜ ಹೇಳಲಿಲ್ಲ.

"ಕಾನೂನು ಕೇಳ್ಕೊಂಡು ಬಂದಿದೀನಿ" ಎಂದರು ಮಾಲೀಕರು. "ಸೋತವನು ಒಬ್ಬನೇ ಹೋಗಿ ಅತ್ತರೆ ಕೋರ್ಟು ಮತ್ತೆ ಎಣಿಸಲ್ಲವಂತೆ. ಅದೇ ಮತಗಟ್ಟೆಯ ಮೂರು ಜನ ಮತದಾರರು ಪ್ರಮಾಣ ಮಾಡಿ ಅರ್ಜಿ ಹಾಕಬೇಕಂತೆ. ಫಲಿತಾಂಶ ಬಂದ ಮೂರನೇ ದಿನ ಸಂಜೆ ಐದರೊಳಗೆ. ಅಂದ್ರೆ ಇವತ್ತೇ."

ಮಾತು ಗೋಡೆ ದಾಟಿತು. ಉಳಿದಿಬ್ಬರು ಬಾಡಿಗೆದಾರರು, ಎಡಗಡೆ ಮನೆಯಿಂದ ಲೆಕ್ಕದ ಮೇಷ್ಟ್ರು, ಬಲಗಡೆ ಮನೆಯಿಂದ ಹೊಲಿಗೆ ಅಕ್ಕ, ಹೊರಗೆ ಬಂದರು. ಮೊದಲು ಹಿಂಜರಿದವನೇ ಕಳ್ಳ ಎಂದು ಮೂವರಿಗೂ ಒಟ್ಟಿಗೇ ಹೊಳೆಯಿತು.

"ನನ್ನ ಓಟು ನಿಮಗೇ. ಇದು ಎಣಿಕೆ ತಪ್ಪು. ಎಣಿಸಿದವರು ನನ್ನ ಹತ್ತಿರ ಓದಿದವರಲ್ಲ" ಎಂದರು ಮೇಷ್ಟ್ರು.

"ನಾನು ಮುದ್ರೆ ಎರಡು ಸಲ ಒತ್ತಿದೀನಿ ಅಣ್ಣ, ಗಟ್ಟಿ ಇರಲಿ ಅಂತ" ಎಂದಳು ಹೊಲಿಗೆ ಅಕ್ಕ.

ಮಾಲೀಕರು ಮುಳ್ಳಣ್ಣನ ಹೆಗಲ ಮೇಲೆ ಕೈಯಿಟ್ಟರು. "ಬೇರೆಯವರದ್ದು ದೇವರಿಗೇ ಗೊತ್ತು. ಆದರೆ ನಿಮ್ಮ ಹೆಸರಿನ ಓಟು ಬಿದ್ದಿದೆ ಅನ್ನೋದು ನನಗೆ ನೂರಕ್ಕೆ ನೂರು ಗೊತ್ತು, ಮುಳ್ಳಣ್ಣ."

ಆ ನಂಬಿಕೆ ನೋಡಿ ಮುಳ್ಳಣ್ಣನ ಕಣ್ಣಲ್ಲಿ ನೀರು ಬಂತು. ಪೇಸ್ಟು ಕಣ್ಣಿಗೆ ಹೋಗಿತ್ತು.

"ಬರ್ತಿದ್ದೆ ಅಣ್ಣಾವ್ರೇ, ಆದರೆ ಗುರುತಿನ ಚೀಟಿ ಕಳೆದುಹೋಗಿದೆಯಲ್ಲ" ಎಂದ.

"ಕಳೆದಿಲ್ಲ ರೀ!" ಎಂದು ಒಳಗಿನಿಂದ ಹೆಂಡತಿ ಓಡಿ ಬಂದಳು. ಎರಡು ವರ್ಷದಿಂದ ಮನೆಯಲ್ಲಿ ಕತ್ತರಿ ಹುಡುಕಿದರೆ ಸಿಗದು. ಈ ಚೀಟಿ ಎರಡೇ ನಿಮಿಷದಲ್ಲಿ ಸಿಕ್ಕಿತ್ತು. "ಅಕ್ಕಿ ಡಬ್ಬಿ ಕೆಳಗೇ ಇತ್ತು. ನೀವು ಗಾಬರಿ ಆಗ್ಬೇಡಿ" ಎಂದು ಪ್ರೀತಿಯಿಂದ ಅವನ ಜೇಬಿಗೆ ತುರುಕಿದಳು.

ವಕೀಲರ ಕೋಣೆಯಲ್ಲಿ ಕುರ್ಚಿಗಿಂತ ಕಡತಗಳೇ ಹೆಚ್ಚಿದ್ದವು. ವಕೀಲರು ನಿಯಮಗಳನ್ನು ಒಂದೊಂದಾಗಿ ಓದತೊಡಗಿದರು. ಪ್ರತಿ ನಿಯಮವೂ ಮುಳ್ಳಣ್ಣನಿಗೆ ತೆರೆದ ಕಿಟಕಿಯಂತೆ ಕಾಣಿಸಿತು.

"ಅರ್ಜಿದಾರರು ಅಭ್ಯರ್ಥಿಯ ಸಂಬಂಧಿಕರಾಗಿರಬಾರದು."

"ನಾನು ಇವರನ್ನ ಅಣ್ಣಾವ್ರೇ ಅಂತೀನಿ ಸಾರ್" ಎಂದ ಮುಳ್ಳಣ್ಣ ಆಸೆಯಿಂದ. "ಹೆಚ್ಚುಕಡಿಮೆ ಸಂಬಂಧಾನೇ."

"ಕರೆದ ಮಾತ್ರಕ್ಕೆ ಸಂಬಂಧ ಆಗೋದಾದ್ರೆ ನನಗೆ ಊರ ತುಂಬ ತಮ್ಮಂದಿರು ರೀ. ಒಬ್ಬನೂ ಫೀಸು ಕೊಡಲ್ಲ. ಮುಂದೆ ಕೇಳಿ. ಅದೇ ಮತಗಟ್ಟೇಲಿ ಓಟು ಹಾಕಿರಲೇಬೇಕು. ಬೆರಳು ತೋರಿಸಿ."

ಮೇಷ್ಟ್ರ ಗುರುತು ಮಾಸಿತ್ತು. ಅಕ್ಕನದು ಸೂಜಿಮೊನೆಯಷ್ಟು ಉಳಿದಿತ್ತು. ಮುಳ್ಳಣ್ಣನದು ಮಾತ್ರ ಹೊಸ ಮದುಮಗಳ ಕಾಡಿಗೆಯಂತೆ ಫಳಫಳ ಹೊಳೆಯುತ್ತಿತ್ತು. "ಭೇಷ್!" ಎಂದರು ವಕೀಲರು. ಕಿಟಕಿ ಮುಚ್ಚಿತು.

"ಯಾರಿಗೆ ಓಟು ಹಾಕಿದ್ರಿ ಅಂತ ಹೇಳಬೇಕಾಗಿಲ್ಲ, ಅದು ಗುಟ್ಟು." ಮೇಷ್ಟ್ರೂ ಅಕ್ಕನೂ ಒಟ್ಟಿಗೆ ಉಸಿರು ಬಿಟ್ಟರು. "ಓಟು ಹಾಕಿದೀನಿ, ಮತದಾರರ ಪುಸ್ತಕದಲ್ಲಿರೋ ಸಹಿ ನನ್ನದೇ, ಎಣಿಕೆ ತಪ್ಪಾಗಿದೆ ಅಂತ ನಂಬಿದೀನಿ. ಈ ಮೂರೇ ಮಾತು. ಸುಳ್ಳಾದ್ರೆ ಆರು ತಿಂಗಳು ಜೈಲು."

"ಅರ್ಜಿ ವಾಪಸ್ ತಗೋಬಹುದಾ ಸಾರ್? ಸುಮ್ನೆ ತಿಳ್ಕೊಳ್ಳೋಕೆ ಕೇಳಿದೆ" ಎಂದ ಮುಳ್ಳಣ್ಣ.

"ಇವತ್ತೇ ಐದರೊಳಗೆ ತಗೋಬಹುದು. ಆಮೇಲೆ ಬ್ರಹ್ಮ ಬಂದ್ರೂ ಆಗಲ್ಲ."

ಸಹಿಯ ಮಾತು ಕೇಳಿದ್ದೇ ಮುಳ್ಳಣ್ಣನ ಎದೆ ಹಗುರಾಯಿತು. ಪುಸ್ತಕದಲ್ಲಿ ತನ್ನ ಹೆಸರಿನ ಮುಂದೆ ಸಹಿ ಇರಲು ಸಾಧ್ಯವೇ ಇಲ್ಲ. ಆದರೆ ಅದು ಮಾಲೀಕರ ಎದುರಿಗೇ ಬಯಲಾದರೆ ಮನೆ ಹೋದಂತೆಯೇ. ಅದಕ್ಕಿಂತ ಐದು ಗಂಟೆ ದಾಟಿಬಿಟ್ಟರೆ ಯಾರ ಮಾನವೂ ಹೋಗುವುದಿಲ್ಲ. ಹೀಗಾಗಿ ಅಂದು ಅವನಿಗೆ ನಾಲ್ಕು ಸಲ ಬಾಯಾರಿತು. ಎರಡು ಸಲ ಚಪ್ಪಲಿ ಕಿತ್ತಿತು. ಟೈಪು ಮಾಡಿದ ಹಾಳೆಯಲ್ಲಿ ತನ್ನ ತಂದೆಯ ಹೆಸರು ಸರಿಯಾಗಿಲ್ಲವೆಂದು ಮೂರು ಸಲ ತಿದ್ದಿಸಿದ. ಮೂರನೇ ಸಲ ಅದು ಮೊದಲಿನಂತೆಯೇ ಆಯಿತು. ಕೋರ್ಟಿನ ಮೆಟ್ಟಿಲ ಮೇಲೆ ಕೈಗಡಿಯಾರ ನೋಡಿಕೊಂಡ. ಐದೂ ಹತ್ತು! ಉಳಿದವರ ಬೆನ್ನ ಹಿಂದೆ ಮುಖವನ್ನು ಆದಷ್ಟು ದುಃಖಕ್ಕೆ ಹೊಂದಿಸಿಕೊಂಡು ಒಳಗೆ ಹೋದ.

"ಬನ್ನಿ ಬನ್ನಿ, ಇನ್ನೂ ಹತ್ತು ನಿಮಿಷ ಇದೆ" ಎಂದ ಗುಮಾಸ್ತ.

ಗೋಡೆಯ ಗಡಿಯಾರದಲ್ಲಿ ನಾಲ್ಕೂ ಐವತ್ತು.

"ಅದು ಇಪ್ಪತ್ತು ನಿಮಿಷ ಹಿಂದಿದೆ!" ಮುಳ್ಳಣ್ಣ ಕೂಗಿಯೇಬಿಟ್ಟ. ಆ ದಿನ ಅವನು ಆಡಿದ ಮೊದಲ ಸತ್ಯ ಅದು.

ಗುಮಾಸ್ತ ಕನ್ನಡಕ ಏರಿಸಿದ. "ಈ ಕಚೇರಿಗೆ ಗೋಡೆ ಗಡಿಯಾರವೇ ಕಾನೂನು. ಹಿಂದಿದೆ ಅಂತೀರಾ? ಹೋದ ತಿಂಗಳು ರಿಪೇರಿ ಮಾಡಿದೋರು ಯಾರು? ಹಿಂದುಗಡೆ ಚೀಟಿ ಅಂಟಿಸಿದೀರಲ್ಲ, ಒಂದು ವರ್ಷ ಗ್ಯಾರಂಟಿ ಅಂತ."

ಮಾಲೀಕರು ಮುಳ್ಳಣ್ಣನನ್ನು ದಿಟ್ಟಿಸಿದರು. "ಏನು ಮುಳ್ಳಣ್ಣ, ಅರ್ಜಿ ಬೀಳಿಸೋ ಯೋಚನೇನಾ?"

"ಛೆ ಛೆ! ಸರಿಯಾಗೇ ಇದೆ. ನನ್ನ ಕೈಗಡಿಯಾರವೇ ಮುಂದಿರಬೇಕು." ಸತ್ಯದ ಆಯಸ್ಸು ಅರ್ಧ ನಿಮಿಷ.

ಗುಮಾಸ್ತ ಮತದಾರರ ಪುಸ್ತಕ ತೆರೆದ. ಮೇಷ್ಟ್ರ ಹೆಸರು, ಸಹಿ, ಸರಿ. ಅಕ್ಕನ ಹೆಸರು, ಸಹಿ, ಸರಿ. ಬೆರಳು ಕೆಳಗಿಳಿಯಿತು. ಮುಳ್ಳಣ್ಣ ಕಣ್ಣು ಮುಚ್ಚಿದ. ಇನ್ನೇನು, ಮನೆ ಹೋಯಿತು.

"ಇದೋ, ನಿಮ್ಮ ಸಹಿ. ಎಷ್ಟು ಅಚ್ಚುಕಟ್ಟು!"

ಮುಳ್ಳಣ್ಣ ಕಣ್ಣು ಬಿಟ್ಟ. ಅವನ ಸಹಿ ಎಂದರೆ ಶಾಯಿಯಲ್ಲಿ ಬಿದ್ದ ನೊಣ ಹಾಳೆಯ ಮೇಲೆ ತೆವಳಿದಂತೆ. ಇಲ್ಲಿಯೂ ಅದೇ ನೊಣವಿತ್ತು. ಆದರೆ ಯಾರೋ ಅದಕ್ಕೆ ಸ್ನಾನ ಮಾಡಿಸಿ, ಕಾಲು ನೇರ ಮಾಡಿ, ಸಾಲಾಗಿ ನಡೆಸಿದ್ದರು.

ಯಾರೋ ತನ್ನ ಓಟು ಹಾಕಿಬಿಟ್ಟಿದ್ದಾರೆ! ನನ್ನದಲ್ಲ ಎಂದರೆ, ಹಾಗಾದರೆ ಬೆರಳಿನ ಚುಕ್ಕೆ ಎಲ್ಲಿಯದು ಎಂಬ ಪ್ರಶ್ನೆ. ಹೌದು ಎಂದರೆ ಆರು ತಿಂಗಳು, ಅದೂ ಸಿಕ್ಕಿಬಿದ್ದರೆ. ಮನೆ, ಹೆಂಡತಿ, ಅಕ್ಕಿ ಡಬ್ಬಿ ಎಲ್ಲ ಕಣ್ಣ ಮುಂದೆ ಬಂದವು.

"ನಿಮ್ಮದೇ ತಾನೇ?" ಎಂದ ಗುಮಾಸ್ತ.

"ನನ್ನದೇ."

"ಪ್ರಮಾಣ ಮಾಡಿ ಹೇಳಿ."

"ಪ್ರಮಾಣವಾಗಿಯೂ ನನ್ನದೇ." ಪ್ರಮಾಣ ಪತ್ರದ ಕೊನೆಯಲ್ಲಿಯೂ ಸಹಿ ಬೇಕಿತ್ತು. ತನ್ನ ನೊಣ ಅಲ್ಲಿ ಇಳಿದರೆ ಗುಟ್ಟು ಬಯಲಾಗುತ್ತದೆಂದು, ಬೆರಳು ನೋವಿನ ನೆಪ ಹೇಳಿ ಹೆಬ್ಬೆಟ್ಟು ಒತ್ತಿದ.

ಗುಮಾಸ್ತ ಸಮಯ ಬರೆದು ಮುದ್ರೆ ಒತ್ತಿದ. "ಈ ಸಹಿ ತನ್ನದೆಂದು ಒಪ್ಪಿಕೊಂಡಿದ್ದಾರೆ ಅನ್ನೋದಕ್ಕೆ ಒಂದು ನಕಲು ಕೊಡಿ" ಎಂದು ಮಾಲೀಕರು ಅವಸರದಿಂದ ಇಸಿದುಕೊಂಡರು. ಎಣಿಕೆಗಿಂತ ಆ ನಕಲಿನ ಮೇಲೇ ಅವರಿಗೆ ಹೆಚ್ಚು ಪ್ರೀತಿ ಇದ್ದಂತಿತ್ತು.

ಮೇಷ್ಟ್ರೂ ಅಕ್ಕನೂ ಬದುಕಿದೆವು ಎಂದು ಮನೆಗೆ ನಡೆದರು. ಹೊರಗಿನ ಮೆಟ್ಟಿಲ ಮೇಲೆ ಮಾಲೀಕರು ಮುಳ್ಳಣ್ಣನನ್ನು ಪಕ್ಕಕ್ಕೆ ಕರೆದರು.

"ನಿಮ್ಮ ಓಟು ಬಿದ್ದಿದೆ ಅಂತ ನನಗೆ ಹೇಗೆ ಗೊತ್ತು ಅಂದ್ಕೊಂಡ್ರಿ? ನೀವು ಅಂಗಡೀಲಿ ಗೊರಕೆ ಹೊಡೀತಿದ್ರಿ. ಓಟು ಹಾಳಾಗುತ್ತಲ್ಲ ಅಂತ ನಮ್ಮ ಭಾವಮೈದನ್ನೇ ಕಳಿಸಿದೆ. ಒಂದಾದರೂ ಬಿದ್ದಿರಲೇಬೇಕಲ್ಲ! ಸೊನ್ನೆ ಹೇಗೆ ಬರುತ್ತೆ?"

ಭಾವಮೈದ ಮೊದಲ ಬಾರಿಗೆ ಬಾಯಿ ಬಿಟ್ಟ. "ನಿಮ್ಮ ಸಹಿ ಬಲು ಕಷ್ಟ ಕಣ್ರೀ. ರಿಪೇರಿ ಚೀಟಿ ಇಟ್ಕೊಂಡು ಅರ್ಧ ಗಂಟೆ ಬರೆದು ಕಲಿತೆ." ಆಮೇಲೆ ಓಟು ಯಾರಿಗೆ ಹಾಕಿದೆ ಎಂದು ಭಾವ ಕೇಳಿಯಾರು ಎಂಬಂತೆ ಆಕಾಶ ನೋಡತೊಡಗಿದ.

"ಮರುಎಣಿಕೆ ಆಗುತ್ತೋ ಬಿಡುತ್ತೋ, ಕೋರ್ಟಿನ ಇಷ್ಟ" ಎಂದು ಮಾಲೀಕರು ಜೇಬಿನಿಂದ ಇನ್ನೊಂದು ಕಾಗದ ತೆಗೆದರು. "ಇದಂತೂ ಆಯ್ತು."

ಮುಳ್ಳಣ್ಣ ಓದಿದ. 'ನಾನು ಈ ತಿಂಗಳ ಕೊನೆಗೆ ಸ್ವಸಂತೋಷದಿಂದ ಮನೆ ಖಾಲಿ ಮಾಡುತ್ತೇನೆ.' ಕೆಳಗೆ, ಸ್ನಾನ ಮಾಡಿದ ನೊಣ.

"ಇದು ನನ್ನ ಸಹಿ ಅಲ್ಲ!"

"ಹೌದಾ?" ಮಾಲೀಕರು ನಕಲನ್ನು ಬಿಡಿಸಿದರು. "ಈಗ ತಾನೇ ಕೋರ್ಟಲ್ಲಿ ಪ್ರಮಾಣ ಮಾಡಿದ್ರಲ್ಲ, ಇಂಥದ್ದೇ ನಿಮ್ಮ ಸಹಿ ಅಂತ."

ಮುಳ್ಳಣ್ಣ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಓಡಿದ. ತನ್ನ ಕೆಟ್ಟ ರಿಪೇರಿಯ ಮೇಲೆ ಅವನಿಗೆ ಇದ್ದಕ್ಕಿದ್ದಂತೆ ಪ್ರೀತಿ ಬಂದಿತ್ತು. ಗೋಡೆಯಲ್ಲಿ ಇನ್ನೂ ಐದಾಗಿರುವುದಿಲ್ಲ; ಅರ್ಜಿ ವಾಪಸ್ ತೆಗೆದುಕೊಳ್ಳಬಹುದು!

ಗುಮಾಸ್ತ ಸ್ಟೂಲಿನಿಂದ ಇಳಿಯುತ್ತಿದ್ದ. ಗಡಿಯಾರದಲ್ಲಿ ಐದೂ ಹದಿನೆಂಟು.

"ನೀವು ಹೇಳಿದ್ದೇ ಸರಿ ಕಣ್ರೀ. ವಿಚಾರಿಸಿದೆ, ಇಪ್ಪತ್ತು ನಿಮಿಷ ಹಿಂದಿತ್ತು. ತಿದ್ದಿದೆ."

"ನನ್ನ ಅರ್ಜಿ ವಾಪಸ್ ಬೇಕು ಸಾರ್!"

"ಸಮಯ ಮೀರಿತಲ್ಲ."

"ಹಾಗಾದ್ರೆ ಅರ್ಜಿ ಕೊಟ್ಟಾಗಲೂ ಮೀರಿತ್ತು!"

"ಆಗ ನಾಲ್ಕೂ ಐವತ್ತೈದು. ಮುದ್ರೆ ನೋಡಿ." ಗುಮಾಸ್ತ ಗಡಿಯಾರವನ್ನು ಗೋಡೆಯಿಂದ ಇಳಿಸಿ ಅವನ ತೋಳಿನಲ್ಲಿಟ್ಟ. "ಗ್ಯಾರಂಟಿ ಇದೆಯಲ್ಲ, ತಗೊಂಡು ಹೋಗಿ ಸರಿ ಮಾಡಿ ತನ್ನಿ. ಸರ್ಕಾರಿ ವಸ್ತು ತಗೊಂಡೆ ಅಂತ ಇಲ್ಲೊಂದು ಸಹಿ ಹಾಕಿ."

ಮುಳ್ಳಣ್ಣ ಸೋತ ಕೈಯಿಂದ ಸಹಿ ಹಾಕಿದ. ಗುಮಾಸ್ತ ಅದನ್ನು ನೋಡಿದ, ಮತದಾರರ ಪುಸ್ತಕ ತೆರೆದು ನೋಡಿದ, ಮತ್ತೆ ಇದನ್ನು ನೋಡಿದ.

"ಏನ್ರೀ ಇದು, ಕೋರ್ಟಿಗೇ ಮೋಸಾನಾ? ಇದು ನಿಮ್ಮ ಸಹಿ ಅಲ್ಲ. ನೋಡ್ಕೊಂಡು ಸರಿಯಾಗಿ ಹಾಕಿ."

ಮುಳ್ಳಣ್ಣ ಗಡಿಯಾರವನ್ನು ಕಂಕುಳಲ್ಲಿ ಇಟ್ಟುಕೊಂಡು, ನಾಲಿಗೆಯ ತುದಿ ಹೊರಗೆ ಚಾಚಿ, ಭಾವಮೈದನ ನೊಣಕ್ಕೆ ಒಂದೊಂದೇ ಕಾಲು ಬರೆಯತೊಡಗಿದ.